ಹದಿನಾಲ್ಕನೇ ನಂಬರಿನ ಸಕ್ಕರೆ

ದೊನ್ ಎಲಿಗಿಯೋ ಒಂದು ತಿಂಗಳಿಂದ ತನ್ನ ಎಡಗಾಲನ್ನು ಯಾರಿಗೂ ತೋರಿಸಿಲ್ಲ ಎಂದು ಅವನ ಹೆಂಡತಿ ದೊನ್ಯಾ ಒಬ್ದೂಲಿಯಾ ನನಗೆ ಹೇಳಿದ್ದು ಬಟ್ಟೆ ಒಗೆಯುವ ಅಂಗಡಿಯಲ್ಲಿ, ತಿರುಗುತ್ತಿದ್ದ ಯಂತ್ರದ ಗಾಜಿನ ಮೇಲೆ ಬೆರಳಿಟ್ಟು. ಒಳಗೆ ಅವನ ಕಾಲ್ಚೀಲಗಳು ಸುತ್ತುತ್ತಿದ್ದವು.

"ಮುಚ್ಚಿಟ್ಟುಕೊಳ್ಳೋದಕ್ಕೆ ಅವರೇನು ಮದುಮಗಳೇ?" ಎಂದೆ.

"ತಮಾಷೆ ಬೇಡ ನೆರೆಯ್ದಾ. ಅವನ ಕಾಲ್ಚೀಲ ಒಗೆಯೋಳು ನಾನು. ಹೆಬ್ಬೆರಳಿನ ಹತ್ರ ಒಂದು ಕಲೆ. ವಾರ ವಾರ ದೊಡ್ಡದಾಗ್ತಿದೆ. ಕೇಳಿದ್ರೆ ಬೂಟು ಹೊಸದು, ಕಚ್ಚುತ್ತೆ ಅಂತಾನೆ. ಆ ಬೂಟು ನಮ್ಮ ಎರಡನೇ ಮಗಳ ಮದುವೆಗಿಂತ ಹಳೇದು."

ಒಬ್ದೂಲಿಯಾ ಸುಮ್ಮಸುಮ್ಮನೆ ಹೆದರುವವಳಲ್ಲ. ಆದರೆ ಸಕ್ಕರೆ ಕಾಯಿಲೆಯಿದ್ದ ಅವಳ ಅಕ್ಕನ ಗಂಡನಿಗೂ ಹೀಗೆಯೇ ಶುರುವಾಗಿತ್ತು. "ಮೊದಲು ಬೆರಳು ತೆಗೆದ್ರು. ಆಮೇಲೆ ಪಾದ. ಆಮೇಲೆ ಮೊಣಕಾಲಿನ ತನಕ. ಕಂತು ಕಂತಾಗಿ ಹೋದ ಮನುಷ್ಯ. ಎಲಿಗಿಯೋಗೆ ಕಾಲು ಹೋಯ್ತು ಅಂದ್ರೆ ಹಣ್ಣು ಕೀಳೋ ಏಣಿ ಹೋಯ್ತು. ಏಣಿ ಇಲ್ಲದೆ ಅವನನ್ನ ಮನೇಲಿ ಇಟ್ಕೊಂಡು ನಾನೇನು ಮಾಡ್ಲಿ? ನನಗೂ ವಯಸ್ಸಾಯ್ತು."

ಎಲಿಗಿಯೋ ನನ್ನ ಪದ್ರಿನೋ, ಅಂದರೆ ಚರ್ಚಿನಲ್ಲಿ ನನ್ನ ತಲೆಗೆ ನೀರು ಹಾಕಿಸಿದ ಜ್ಞಾನಪಿತ. ಅರವತ್ತೊಂದು ವರ್ಷ. ಗಡಿ ದಾಟಿ ಈ ಯಾಕಿಮಾ ಕಣಿವೆಯ ಹಣ್ಣಿನ ತೋಟಗಳಿಗೆ ಬಂದು ಇಪ್ಪತ್ತನಾಲ್ಕು ವರ್ಷವಾದರೂ ಕ್ಲಿನಿಕ್ಕಿನ ಹೊಸ್ತಿಲು ತುಳಿದವನಲ್ಲ. ಕ್ಲಿನಿಕ್ಕಿನಲ್ಲಿ ಹೆಸರು ಕೇಳುತ್ತಾರೆ, ಹೆಸರು ಹೇಳಿದರೆ ಊರು ಕೇಳುತ್ತಾರೆ, ಊರು ಹೇಳಿದರೆ ಹೇಗೆ ಬಂದೆ ಎಂದು ಕೇಳುತ್ತಾರೆ ಎನ್ನುವುದು ಅವನ ಲೆಕ್ಕ. ಹೇಗೆ ಬಂದೆ ಎಂಬ ಪ್ರಶ್ನೆಗೆ ತೋರಿಸಲು ಅವನ ಬಳಿ ಕಾಗದವಿಲ್ಲ. ಅಲ್ಲಿ ಹೆಸರು ಬಿಟ್ಟು ಬೇರೇನೂ ಕೇಳುವುದಿಲ್ಲ ಪದ್ರಿನೋ ಎಂದು ನಾನು ಹೇಳಿದರೆ, "ನೀನು ಲಿಪ್‌ಸ್ಟಿಕ್ ಹಾಕ್ಕೊಂಡು, ಇಂಗ್ಲಿಷ್ ಮಾತಾಡ್ಕೊಂಡು ಹೋಗ್ತೀಯ. ನಿನ್ನನ್ನ ಯಾಕೆ ಕೇಳ್ತಾರೆ?" ಎನ್ನುತ್ತಿದ್ದ.

ಆದ್ದರಿಂದ ಕ್ಲಿನಿಕ್ಕು ಆಗದು. ಉಳಿದಿದ್ದು ಕಾಸಾ.

ಕಾಸಾ ಎಂದರೆ ಮನೆ. ನಮ್ಮದು ಮನೆಯಲ್ಲ, ಹಳೆಯ ಟೈರ್ ಅಂಗಡಿ. ಬಿಸಿಲು ಏರಿದ ದಿನ ಗೋಡೆಗಳು ಇನ್ನೂ ರಬ್ಬರ್ ವಾಸನೆ ಬಿಡುತ್ತವೆ. ಮೆಕ್ಸಿಕೋದಿಂದಲೋ ಗ್ವಾಟೆಮಾಲಾದಿಂದಲೋ ಬಂದು ಇಲ್ಲಿಯ ತೋಟಗಳಲ್ಲಿ ದುಡಿಯುವವರಿಗಾಗಿ ನಡೆಯುವ ಜಾಗ ಅದು. ಶಾಲೆಯಿಂದ ಬಂದ ಪತ್ರಗಳನ್ನು ಓದಿ ಹೇಳುತ್ತೇವೆ, ಡ್ರೈವಿಂಗ್ ಪರೀಕ್ಷೆಗೆ ತಯಾರು ಮಾಡುತ್ತೇವೆ, ಹೊಲಿಗೆ ಕಲಿಸುತ್ತೇವೆ. ನಾನು ಸಂಜೆ ಐದಕ್ಕೆ ಇಂಗ್ಲಿಷ್ ಪಾಠ ಮಾಡುತ್ತೇನೆ. ನನ್ನ ವಿದ್ಯಾರ್ಥಿಗಳು ಮೂರು ವರ್ಷದಿಂದ ಬಸ್ ನಿಲ್ದಾಣ ಎಲ್ಲಿದೆ ಎಂದು ಬಹಳ ಶುದ್ಧವಾಗಿ ಕೇಳುತ್ತಿದ್ದಾರೆ. ನಮ್ಮೂರಲ್ಲಿ ಬಸ್ಸಿಲ್ಲ.

ಮಂಗಳವಾರ ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಯಾದಿರಾಳ ಸಕ್ಕರೆ ಮೇಜು. ಯಾದಿರಾ ಲಾಸ್ ಏಂಜಲೀಸಿನಲ್ಲಿ ನರ್ಸಿಂಗ್ ಓದಿ ಬಂದವಳು. ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತ ತೆಗೆದು, ಅದರಲ್ಲಿ ಸಕ್ಕರೆ ಎಷ್ಟಿದೆ ಎಂದು ಹೇಳುತ್ತಾಳೆ. ಅವಳ ದನಿ ಎಷ್ಟು ಮೆತ್ತಗೆಂದರೆ ನಿಮ್ಮ ಮನೆಗೆ ಬೆಂಕಿ ಬಿದ್ದಿದೆ ಎಂದು ಅವಳು ಹೇಳಿದರೂ ನೀವು ಥ್ಯಾಂಕ್ಸ್ ಹೇಳುತ್ತೀರಿ. ಅವಳ ಮೇಜಿಗೆ ಹೆಂಗಸರು ಬರುತ್ತಿದ್ದರು. ಗಂಡಸರು ಒಬ್ಬರೂ ಇಲ್ಲ. ಹನ್ನೆರಡಡಿ ಏಣಿಯ ಮೇಲೆ ಗಾಳಿಯಲ್ಲಿ ತೂಗಾಡುವವರಿಗೆ ಸೂಜಿ ಕಂಡರೆ ಏನೋ ಕೆಲಸ ನೆನಪಾಗುತ್ತಿತ್ತು.

ಪದ್ರಿನೋನನ್ನು ಅಲ್ಲಿಗೆ ತರುವ ಉಪಾಯ ನನ್ನದು. ಅದಕ್ಕಾಗಿ ನಾನು ಆಗ ಬಹಳ ಹೆಮ್ಮೆಪಟ್ಟಿದ್ದೆ.

ದೊನ್ ತೆಯೊದುಲೋ ಎಂಬವನೊಬ್ಬ ಇದ್ದಾನೆ. ಅವನೂ ನನ್ನ ಪದ್ರಿನೋನೂ ಮೆಕ್ಸಿಕೋದ ಮಿಚೊಆಕಾನಿನ ಒಂದೇ ಹಳ್ಳಿಯವರು, ಒಂದೇ ವರ್ಷ ಬಂದವರು, ಒಂದೇ ತೋಟದ ಒಂದೇ ತಂಡದಲ್ಲಿ ಹಣ್ಣು ಕೀಳುವವರು. ಒಬ್ಬನ ಮಗನಿಗೆ ಇನ್ನೊಬ್ಬ ಜ್ಞಾನಪಿತ, ಹಾಗಾಗಿ ಪರಸ್ಪರ ಕೊಂಪಾದ್ರೆಗಳು, ಅವರ ಹೆಂಡತಿಯರು ಕೊಮಾದ್ರೆಗಳು. ಅವರ ಸ್ನೇಹ ಎಷ್ಟು ಗಾಢವೆಂದರೆ ಒಬ್ಬ ಇನ್ನೊಬ್ಬನ ಬಗ್ಗೆ ಒಳ್ಳೆಯ ಮಾತಾಡಿದ್ದನ್ನು ಈ ಕಣಿವೆಯಲ್ಲಿ ಯಾರೂ ಕೇಳಿಲ್ಲ. ತೋಟದಲ್ಲಿ ಎಲಿಗಿಯೋ ಹದಿನಾಲ್ಕನೇ ನಂಬರು, ತೆಯೊದುಲೋ ಮೂವತ್ತೊಂದು. ಯಾರು ಎಷ್ಟು ಡಬ್ಬಿ ಕಿತ್ತರು, ಎಷ್ಟು ಮರ ಸವರಿದರು ಎಂದು ಮೇಸ್ತ್ರಿ ದಿನಾ ಸಂಜೆ ಶೆಡ್ಡಿನ ಬಿಳಿ ಹಲಗೆಯ ಮೇಲೆ ಬರೆಯುತ್ತಾನೆ. ಹದಿನೆಂಟು ವರ್ಷಗಳಿಂದ ಮೊದಲ ಸ್ಥಾನ ಇವನದು, ಇಲ್ಲವೇ ಅವನದು.

ನಾನು ಎಲಿಗಿಯೋಗೆ ಹೇಳಿದೆ: "ತೆಯೊದುಲೋ ಮಂಗಳವಾರ ಸಕ್ಕರೆ ಪರೀಕ್ಷೆಗೆ ಬರ್ತಾರಂತೆ. ನೀವು ಸೂಜಿಗೆ ಹೆದರ್ತೀರ ಅಂತಿದ್ರು." ತೆಯೊದುಲೋಗೂ ಅದನ್ನೇ ಹೇಳಿದೆ, ಹೆಸರು ಅದಲು ಬದಲು ಮಾಡಿ.

ಇಬ್ಬರೂ ಬಂದರು. ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು.

ಹೆಸರು ಕೇಳಬಾರದು ಎಂಬುದು ಯಾದಿರಾಗೆ ಗೊತ್ತಿತ್ತು. "ಹೆಸರು ಬೇಡ ದೊನ್. ನಿಮಗೆ ನೆನಪಿರೋ ಯಾವುದಾದ್ರೂ ಗುರುತು ಹೇಳಿ ಸಾಕು," ಎಂದಳಂತೆ; ದೊನ್ ಎಂದರೆ ಯಜಮಾನರೇ ಎಂದ ಹಾಗೆ. ಇಬ್ಬರೂ ತಮ್ಮ ತೋಟದ ನಂಬರು ಹೇಳಿದರು. ಅವಳು ಗೋಡೆಯ ಬಿಳಿ ಹಲಗೆಯ ಮೇಲೆ ಹದಿನಾಲ್ಕು ಎಂದು ಬರೆದು ಮುಂದೆ ಇನ್ನೂರ ಮೂವತ್ತೆಂಟು ಎಂದು ಬರೆದಳು. ಮೂವತ್ತೊಂದು, ಇನ್ನೂರ ಇಪ್ಪತ್ತಾರು. ಇನ್ನೂರು ದಾಟಿದರೆ ಅಪಾಯ, ಆದ್ದರಿಂದ ಎರಡನ್ನೂ ಕೆಂಪು ಪೆನ್ನಿನಲ್ಲಿ ಬರೆದಳು.

ಈ ಹುಡುಗಿ ತೋಟದ ಶೆಡ್ಡಿನೊಳಗೆ ಒಮ್ಮೆಯೂ ಕಾಲಿಟ್ಟವಳಲ್ಲ. ಅಲ್ಲಿ ಮೇಸ್ತ್ರಿ ಎಲ್ಲರ ಲೆಕ್ಕವನ್ನು ಕಪ್ಪು ಪೆನ್ನಿನಲ್ಲಿ ಬರೆಯುತ್ತಾನೆ; ದಿನದ ಮೊದಲ ಮೂರು ಸ್ಥಾನಗಳನ್ನು ಮಾತ್ರ ಕೆಂಪಿನಲ್ಲಿ. ಕಾಸಾದ ಆ ಹಲಗೆಯನ್ನು ನಾನು ನೋಡಿದ್ದರೆ ಆಗಲೇ ಅಳಿಸಿಹಾಕುತ್ತಿದ್ದೆ. ನಾನು ಪಕ್ಕದ ಕೋಣೆಯಲ್ಲಿ ಬಸ್ ನಿಲ್ದಾಣ ಹುಡುಕುತ್ತಿದ್ದೆ.

ಪಾಠ ಮುಗಿಸಿ ಹೊರಬಂದಾಗ ಎಲಿಗಿಯೋ ಅಂಗಳದಲ್ಲಿ ಹ್ಯಾಟು ಹಿಂದಕ್ಕೆ ಸರಿಸಿಕೊಂಡು ನಿಂತಿದ್ದ.

"ಹೇಗಾಯ್ತು ಪದ್ರಿನೋ?"

"ಹನ್ನೆರಡು ಹೆಚ್ಚು," ಎಂದ.

"ಯಾವುದಕ್ಕಿಂತ?"

"ಯಾವುದಕ್ಕಿಂತ ಅಂತ ಅವನನ್ನೇ ಕೇಳು. ಅಲ್ಲಿ ಟ್ರಕ್ಕಿನ ಚಕ್ರ ಒದೀತಾ ನಿಂತಿದಾನಲ್ಲ."

ಇದು ಅವರ ಮಾಮೂಲಿ ಕಿತ್ತಾಟ ಎಂದುಕೊಂಡೆ. ಮುಖ್ಯ ವಿಷಯ ಅವನು ಬಂದಿದ್ದ, ರಕ್ತ ಕೊಟ್ಟಿದ್ದ, ಮುಂದಿನ ವಾರವೂ ಬರುತ್ತೇನೆ ಎಂದಿದ್ದ. ಒಬ್ದೂಲಿಯಾಗೆ ಫೋನ್ ಮಾಡಿ ಹೇಳಿದೆ. ಅವಳು ಸಂತ ಜೂದಾನಿಗೆ ಒಂದು ಮೇಣದಬತ್ತಿ ಹಚ್ಚಿದಳು. ನನಗೆ ಒಂದು ಡಬ್ಬಿ ಪೊಸೋಲೆ ಸಾರು ಕಳಿಸಿದಳು.

ಎರಡನೇ ಮಂಗಳವಾರ ಆರು ಜನ ಗಂಡಸರು ಬಂದರು. ಮೂರನೇ ವಾರ ಹನ್ನೊಂದು. ನಾಲ್ಕನೇ ವಾರ ಕುರ್ಚಿ ಸಾಲದೆ ನನ್ನ ತರಗತಿಯಿಂದ ಎಳೆದುಕೊಂಡು ಹೋದರು. ನಮ್ಮ ನಿರ್ದೇಶಕಿ ಬಂದು ಫೋಟೋ ತೆಗೆದಳು, ಮುಖ ಕಾಣಬಾರದೆಂದು ಎಲ್ಲರ ಬೆನ್ನ ಕಡೆಯಿಂದ. ಹನ್ನೆರಡು ಹ್ಯಾಟುಗಳು ಒಂದು ಹಲಗೆಯನ್ನು ಭಕ್ತಿಯಿಂದ ನೋಡುತ್ತಿರುವ ಆ ಚಿತ್ರ ಅವಳ ವರದಿಯ ಮುಖಪುಟಕ್ಕೆ ಹೋಯಿತು. "ಗಂಡಸರನ್ನ ಆರೋಗ್ಯದ ಕಡೆ ತಿರುಗಿಸೋದು ಅಸಾಧ್ಯ ಅಂತಾರೆ, ನೆರೆಯ್ದಾ ಅದನ್ನ ಮಾಡಿ ತೋರಿಸಿದಳು," ಎಂದು ಸಭೆಯಲ್ಲಿ ಹೇಳಿದಳು. ನಾನು ತಲೆ ತಗ್ಗಿಸಿ, ಎಲ್ಲರಿಗೂ ಕಾಣುವಷ್ಟು, ವಿನಯ ತೋರಿಸಿದೆ.

ಯಾದಿರಾಗೆ ಮಾತ್ರ ನಿದ್ದೆ ಬರುತ್ತಿರಲಿಲ್ಲ. "ಏನೋ ಸರಿಯಿಲ್ಲ. ವಾರ ವಾರ ಎಲ್ಲರ ಸಕ್ಕರೆ ಏರ್ತಿದೆ. ಹದಿನಾಲ್ಕನೇ ನಂಬರು ಮುನ್ನೂರ ನಲವತ್ತೊಂದು! ಬಹಳ ಹೆಚ್ಚಾಯ್ತು ದೊನ್ ಅಂದ್ರೆ ತುಂಬಾ ಸಂತೋಷ ಅಂತಾರೆ. ಕ್ಲಿನಿಕ್ಕಿಗೆ ಹೋಗಿ ಅಂತ ಚೀಟಿ ಕೊಟ್ರೆ ಎರಡು ಕೈಯಲ್ಲಿ ತಗೊಂಡು ಮಡಚಿ ಹ್ಯಾಟಿನೊಳಗೆ ಇಟ್ಕೋತಾರೆ. ಎಷ್ಟು ಒಳ್ಳೆ ಮನುಷ್ಯ!"

ನಿಜ ಹೊರಬಿದ್ದದ್ದು ಬೇಕರಿಯಲ್ಲಿ. ಐದನೇ ಮಂಗಳವಾರ, ಐದಕ್ಕೆ ಸ್ವಲ್ಪ ಮುಂಚೆ, ನಾನು ಬ್ರೆಡ್ಡಿಗೆ ನಿಂತಿದ್ದಾಗ ಬೇಕರಿಯವಳು ತಟ್ಟೆ ಒರೆಸುತ್ತಾ ಹೇಳಿದಳು:

"ನಿನ್ನ ಪದ್ರಿನೋ ಈಗ ತಾನೇ ಹೋದ. ಮಂಗಳವಾರ ಬಂದ್ರೆ ನಾಲ್ಕು ಕೊಂಚಾ ಬನ್ನು ಇಲ್ಲೇ ನಿಂತು ತಿಂತಾನೆ, ಮೇಲಿನ ಸಕ್ಕರೆ ಪುಡಿ ಸಮೇತ, ಬೆರಳು ನೆಕ್ಕಿ. ಇವತ್ತು ಐದು. ಏನು ವಿಶೇಷ ಅಂದ್ರೆ ಮ್ಯಾಚಿದೆ ಅಂದ. ಅವನ ಕೊಂಪಾದ್ರೆ ಇನ್ನೂ ಮೇಲು. ಎರಡು ಲೀಟರ್ ಸೋಡಾ ತಗೊಂಡು ಟ್ರಕ್ಕಿನಲ್ಲಿ ಕೂತು, ಕಣ್ಣು ಮುಚ್ಚಿ, ಔಷಧಿ ಕುಡಿದ ಹಾಗೆ ಕುಡೀತಾನೆ ಪಾಪ."

ನಾನು ಬ್ರೆಡ್ಡು ಬಿಟ್ಟು ಓಡಿದೆ.

ಕಾಸಾದ ಬಾಗಿಲಲ್ಲಿ ಒಬ್ದೂಲಿಯಾ ನಿಂತಿದ್ದಳು. ಕೈಯಲ್ಲಿ ನಾಲ್ಕು ಗುಲಾಬಿ ಬಣ್ಣದ ಚೀಟಿಗಳು. ಗಂಡನ ಹ್ಯಾಟು ಒರೆಸಲು ಹೋದಾಗ ಒಳಪಟ್ಟಿಯಿಂದ ಉದುರಿದವಂತೆ.

"ಇದೇನಿದು? ಬಹುಮಾನ ಅಂದ ಅವನು. ಬಹುಮಾನದಲ್ಲಿ ತುರ್ತು ಅಂತ ಯಾಕೆ ಬರೆದಿದೆ?"

ಇಬ್ಬರೂ ಒಳಗೆ ಹೋದೆವು. ಅಲ್ಲಿ ಹಬ್ಬ ನಡೆದಿತ್ತು. ತೆಯೊದುಲೋ ಆಗಷ್ಟೇ ಮುನ್ನೂರ ಅರವತ್ತು ಹೊಡೆದಿದ್ದ. ಹಿಂದಿನ ಸಾಲಿನವರು ಶಿಳ್ಳೆ ಹಾಕುತ್ತಿದ್ದರು. ಎಲಿಗಿಯೋ ತೋಳು ಮಡಚುತ್ತಾ ಮುಂದೆ ಬಂದು ಬೆರಳು ಚಾಚಿದ್ದ. ಬಾಯಿಯ ಮೂಲೆಯಲ್ಲಿ ಸಕ್ಕರೆ ಪುಡಿ ಅಂಟಿಕೊಂಡಿತ್ತು.

ನಾನು ಯಾದಿರಾಳ ಕೈಯಿಂದ ಕೆಂಪು ಪೆನ್ನು ಕಿತ್ತುಕೊಂಡೆ. ಹಲಗೆ ತೋರಿಸಿ, ತೋಟದ ಹಲಗೆಯ ವಿಷಯ ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ಕುರ್ಚಿಯ ಮೇಲೆ ಹತ್ತಿ ನಿಂತಳು.

"ದೊನ್‌ಗಳೇ," ಎಂದಳು, ಈಗಲೂ ಮೆತ್ತಗೆ. "ಇಲ್ಲಿ ಕಡಿಮೆ ಬಂದವರು ಗೆದ್ದ ಹಾಗೆ. ಹೆಚ್ಚು ಬಂದವರು ಸಾಯ್ತಾರೆ."

ಅವರಿಗೆ ಮೊದಲೇ ಗೊತ್ತಿರಲಿಲ್ಲವೇ? ಗೊತ್ತಿತ್ತು ಎಂದೇ ನನ್ನ ಅನುಮಾನ. ಸಕ್ಕರೆ ಕಾಯಿಲೆ ಯಾರ ಮನೆಯಲ್ಲಿಲ್ಲ? ಆದರೆ ನಂಬರಿನ ಮುಂದೆ ನಂಬರು ಬರೆದು ಪಕ್ಕದವನದ್ದನ್ನೂ ಬರೆದ ಮೇಲೆ, ಇಪ್ಪತ್ತು ವರ್ಷ ಡಬ್ಬಿ ಎಣಿಸಿದ ತಲೆಗೆ ಬೇರೆ ಯೋಚನೆ ಹೊಳೆಯುವುದು ಕಷ್ಟ.

ಮೊದಲು ಬಾಯಿಬಿಟ್ಟವನು ಎಲಿಗಿಯೋ. "ಕಡಿಮೆ ಬಂದವನು ಗೆಲ್ಲೋದು ಎಂಥಾ ಆಟ? ಅದು ಸೋಮಾರಿಗಳ ಆಟ. ನಾನು ಕೆಲಸಗಾರ."

"ಕೆಲಸಗಾರ!" ಒಬ್ದೂಲಿಯಾ ಮುಂದೆ ಬಂದಳು. ಚೀಟಿಗಳನ್ನು ಅವನ ಎದೆಗೆ ಒತ್ತಿ ಹಿಡಿದಳು. "ಹತ್ತೊಂಬತ್ತು ವರ್ಷ ನಾನು ಪ್ಯಾಕಿಂಗ್ ಶೆಡ್ಡಲ್ಲಿ ಸೇಬು ಆರಿಸಿದೆ. ಪ್ರತಿ ಶುಕ್ರವಾರ ನಮಗೂ ನಂಬರು ಓದ್ತಿದ್ರು. ಯಾರ ಕೈ ತಪ್ಪಿ ಎಷ್ಟು ಜಜ್ಜಿದ ಸೇಬು ಮುಂದೆ ಹೋಯ್ತು ಅಂತ. ಕಡಿಮೆ ಇದ್ದವಳ ಹೆಸರು ಮೊದಲು. ಒಂದು ದಿನ ಕೇಳಿದೀಯಾ, ಒಬ್ದೂಲಿಯಾ ನಿನ್ನ ನಂಬರೆಷ್ಟು ಅಂತ?"

ಎಲಿಗಿಯೋ ಹ್ಯಾಟು ತೆಗೆದ. ಹನ್ನೊಂದು ಜನ ಅವನನ್ನೇ ನೋಡುತ್ತಿದ್ದರು.

"ಎಷ್ಟು?" ಎಂದ.

"ಎರಡು. ಕೆಲವು ವಾರ ಸೊನ್ನೆ."

"ಸೊನ್ನೆ!" ತೆಯೊದುಲೋ ಗೌರವದಿಂದ ಉಸಿರೆಳೆದ. "ಕೊಮಾದ್ರೆ, ಇದನ್ನ ಇಷ್ಟು ವರ್ಷ ಹೇಳೇ ಇಲ್ವಲ್ಲ."

"ನಿಮ್ಮಿಬ್ಬರ ಮಧ್ಯೆ ಬಾಯಿ ಹಾಕೋಕೆ ಜಾಗ ಎಲ್ಲಿತ್ತು?"

ಎಲಿಗಿಯೋ ಯೋಚಿಸಿದ. ಅವನ ತಲೆಯೊಳಗೆ ಆಟದ ನಿಯಮ ಬದಲಾಗುತ್ತಿರುವುದು ಹೊರಗೆ ಕಾಣುತ್ತಿತ್ತು. "ಸರಿ ಹಾಗಾದ್ರೆ," ಎಂದ ಯಾದಿರಾಗೆ. "ಮುಂದಿನ ಮಂಗಳವಾರ ನಾನೂ ಸೊನ್ನೆ ತರ್ತೀನಿ. ಬರ್ಕೋ."

"ಸೊನ್ನೆ ಬಂದ್ರೆ ನಿಮ್ಮನ್ನ ಹೊತ್ಕೊಂಡು ತರಬೇಕಾಗುತ್ತೆ ದೊನ್," ಎಂದಳು ಯಾದಿರಾ.

ಎಲ್ಲರೂ ನಕ್ಕರು. ಅಲ್ಲಿಗೆ ಮುಗಿಯುತ್ತಿತ್ತೇನೋ. ನೂರ ಹತ್ತು ಸಾಕು, ನೂರ ಇಪ್ಪತ್ತು ಸಾಕು ಎಂದು ಚೌಕಾಸಿ ನಡೆದು, ಹೊಸ ಪಂದ್ಯ ಗೊತ್ತಾಗಿ, ಎಲ್ಲರೂ ಮನೆಗೆ ಹೊರಡುತ್ತಿದ್ದರು, ಅವನ ಕಾಲು ಬೂಟಿನೊಳಗೇ ಉಳಿಯುತ್ತಿತ್ತು. ನಾನು ಬಾಯಿ ತೆರೆಯಬೇಕೆಂದಿದ್ದೆ. ಹನ್ನೊಂದು ಜನರ ಮುಂದೆ ಪದ್ರಿನೋನ ಕಾಲ್ಚೀಲದ ಮಾತೆತ್ತಲು ನಾಲಿಗೆ ಏಳಲಿಲ್ಲ. ಒಬ್ದೂಲಿಯಾ ನನ್ನನ್ನು ನೋಡಿದಳು, ನಾನು ನೆಲ ನೋಡಿದೆ.

ಆಗ ತೆಯೊದುಲೋ ಕುರ್ಚಿಯನ್ನು ಎಳೆದು ಎಲಿಗಿಯೋನ ಎದುರು ಹಾಕಿಕೊಂಡು ಕೂತ.

"ನಾನು ನಿನ್ನ ಜೊತೆ ಪಂದ್ಯ ಆಡಲ್ಲ ಕೊಂಪಾದ್ರೆ."

"ಹೆದರಿದ್ಯಾ?"

"ಒಂದೇ ಕಾಲಲ್ಲಿ ಬಂದವನ ಜೊತೆ ಆಡಿ ಗೆದ್ರೆ ಊರವರು ನಗ್ತಾರೆ. ಬಿಚ್ಚು ಬೂಟು."

"ಯಾವ ಬೂಟು?"

"ಎಡಗಾಲಿಂದು. ನನಗೇನು ಕಣ್ಣಿಲ್ವಾ? ಫೆಬ್ರವರಿ ತಿಂಗಳು ಪೂರ್ತಿ ಕೊಂಬೆ ಸವರುವಾಗ ನಿನ್ನ ಪಕ್ಕದ ಮರದ ಮೇಲೇ ಇದ್ದೆ. ಪ್ರತಿ ಮೆಟ್ಟಿಲಿಗೂ ಬಲಗಾಲು ಮೊದಲು, ಎಡಗಾಲು ಹಿಂದಿಂದ ಬಂದು ಪಕ್ಕ ನಿಲ್ಲುತ್ತೆ. ಮುದುಕಿ ಚರ್ಚಿನ ಮೆಟ್ಟಿಲು ಹತ್ತಿದ ಹಾಗೆ."

"ನೋಡಿದ್ರೆ ಆಗಲೇ ಯಾಕೆ ಹೇಳಲಿಲ್ಲ?" ಎಂದಳು ಒಬ್ದೂಲಿಯಾ.

ತೆಯೊದುಲೋ ಸುಳ್ಳು ಹೇಳಲಿಲ್ಲ. "ಹೇಳಿದ್ರೆ ಇವನಿಗೆ ಅವಮಾನ. ಹೇಳದೇ ಇದ್ರೆ ಏಪ್ರಿಲ್‌ವರೆಗೆ ಮೊದಲನೇ ಸ್ಥಾನ ನನಗೆ. ನಾನೂ ಮನುಷ್ಯನೇ ಕೊಮಾದ್ರೆ." ಆಮೇಲೆ ಎಲಿಗಿಯೋ ಕಡೆ ತಿರುಗಿ, "ನೀನು ಬಿಚ್ತೀಯೋ, ನಾನು ಬಿಚ್ಲೋ? ಮಿಚೊಆಕಾನಲ್ಲಿ ನಿಮ್ಮಪ್ಪನ ಕತ್ತೆಗೆ ಲಾಳ ಹೊಡೆದವನು ನಾನು. ನಿನಗಿಂತ ಜೋರಾಗಿ ಒದೀತಿತ್ತು," ಎಂದ.

ಎಲಿಗಿಯೋ ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಹೆಂಡತಿ. ಕಿಟಕಿ ಕಡೆ ನೋಡಿದ. ಕಿಟಕಿಯಲ್ಲಿ ನನ್ನ ಇಂಗ್ಲಿಷ್ ತರಗತಿಯವರು ಅಷ್ಟೂ ಜನ ಇಣುಕುತ್ತಿದ್ದರು. ಕೊನೆಗೆ ಬಗ್ಗಿ ಲೇಸು ಬಿಚ್ಚತೊಡಗಿದ. ಬಿಚ್ಚಲು ಬಹಳ ಹೊತ್ತು ತೆಗೆದುಕೊಂಡ. ಯಾರೂ ಅವಸರ ಮಾಡಲಿಲ್ಲ. ಕಾಲ್ಚೀಲ ಹೊರಬಂದಾಗ ಮುಂದಿನ ಸಾಲಿನವನೊಬ್ಬ ಶಿಲುಬೆ ಗುರುತು ಹಾಕಿಕೊಂಡ.

ಹೆಬ್ಬೆರಳಿನ ಕೆಳಗೆ ಒಂದು ನಾಣ್ಯದಗಲದ ಹುಣ್ಣು. ಸುತ್ತ ಕಪ್ಪು. ಅದಕ್ಕಿಂತ ಕೆಟ್ಟದ್ದೆಂದರೆ ಯಾದಿರಾ ಮುಟ್ಟಿದಾಗ ಅವನಿಗೆ ಗೊತ್ತೇ ಆಗಲಿಲ್ಲ. "ನೋವಿಲ್ಲ ನೋಡು," ಎಂದ, ಅದೊಂದು ಒಳ್ಳೆಯ ಸುದ್ದಿ ಎಂಬಂತೆ. ಯಾದಿರಾ ಮೊದಲ ಬಾರಿಗೆ ಮೆತ್ತಗೆ ಮಾತಾಡಲಿಲ್ಲ.

"ಕ್ಲಿನಿಕ್ಕಿಗೆ. ಈಗಲೇ."

ತೆಯೊದುಲೋನ ಟ್ರಕ್ಕಿನಲ್ಲಿ ನಾಲ್ಕು ಜನ ತುರುಕಿಕೊಂಡು ಹೋದೆವು. ಎಲಿಗಿಯೋನ ಕಾಲು ಡ್ಯಾಷ್‌ಬೋರ್ಡಿನ ಮೇಲೆ, ನನ್ನ ಸ್ಕಾರ್ಫಿನಲ್ಲಿ ಸುತ್ತಿ, ಪವಿತ್ರ ವಸ್ತುವಿನಂತೆ ಇತ್ತು. ದಾರಿಯುದ್ದಕ್ಕೂ ಅವನು ಹೆಸರಿನ ವಿಷಯವನ್ನೇ ಹೇಳುತ್ತಿದ್ದ. ಹೆಸರು ಹೇಳುವುದಿಲ್ಲ. ಬೇಕಾದರೆ ಕಾಲು ಕತ್ತರಿಸಿಕೊಳ್ಳಲಿ, ಹೆಸರು ಮಾತ್ರ ಹೇಳುವುದಿಲ್ಲ.

ಕ್ಲಿನಿಕ್ಕಿನ ಕಿಟಕಿಯ ಹಿಂದೆ ಕೂತಿದ್ದ ಹುಡುಗಿ ಕತ್ತೆತ್ತಿದಳು. "ಹೆಸರು?"

ಎಲಿಗಿಯೋ ತುಟಿ ಬಿಗಿಹಿಡಿದ. ತೆಯೊದುಲೋ ಮುಂದೆ ಬಗ್ಗಿದ.

"ಎಲಿಗಿಯೋ ಬರ್ರಗಾನ್ ಸೆಪೇದಾ," ಎಂದ ದೊಡ್ಡ ದನಿಯಲ್ಲಿ.

"ವಯಸ್ಸು?"

"ಎಪ್ಪತ್ತು."

"ಯಾವನೋ ಎಪ್ಪತ್ತು!" ಎಲಿಗಿಯೋ ಗುಡುಗಿದ. "ಅರವತ್ತೊಂದು. ಜುಲೈಗೆ ಅರವತ್ತೆರಡು. ಬರ್ಕೋ ಮಗಳೇ, ಇವನ ಮಾತು ಕೇಳ್ಬೇಡ, ಇವನಿಗೆ ಎಣಿಸೋಕೆ ಬರಲ್ಲ."

"ಮದುವೆ ಆಗಿದೆಯಾ?"

"ಇಲ್ಲ, ಪಾಪ ಒಂಟಿ," ಎಂದ ತೆಯೊದುಲೋ.

"ಆಗಿದೆ! ಇಲ್ಲೇ ನಿಂತಿದಾಳಲ್ಲ, ಕಾಣಲ್ವಾ?"

ಹೀಗೆ ವಿಳಾಸ, ಫೋನ್ ನಂಬರು, ತಾಯಿಯ ಹೆಸರು, ಎಲ್ಲವನ್ನೂ ಎಲಿಗಿಯೋ ತಾನೇ ಜಗಳವಾಡಿ ಬರೆಸಿದ. ಗಡಿ ಹೇಗೆ ದಾಟಿ ಬಂದೆ ಎಂದು ಆ ಹುಡುಗಿ ಕೇಳಲಿಲ್ಲ. ಅವಳು ಕೇಳಿದ ಕೊನೆಯ ಪ್ರಶ್ನೆ, ಯಾವುದಾದರೂ ಔಷಧಿ ಒಗ್ಗುವುದಿಲ್ಲವೇ ಎಂದು. "ಇವನು," ಎಂದು ಎಲಿಗಿಯೋ ಕೊಂಪಾದ್ರೆಯನ್ನು ತೋರಿಸಿದ.

ಡಾಕ್ಟರ್ ಕಾಲನ್ನು ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದಳು. ಮೂಳೆಗೆ ಇನ್ನೂ ತಲುಪಿಲ್ಲ ಎಂದಳು. ಒಬ್ದೂಲಿಯಾ ಗೋಡೆಗೆ ಒರಗಿದಳು. ದಿನಾ ಸೂಜಿ, ದಿನಾ ಡ್ರೆಸ್ಸಿಂಗ್, ಮತ್ತೆ ಎಂಟು ವಾರ ಆ ಕಾಲಿನ ಮೇಲೆ ಭಾರ ಬೀಳಬಾರದು.

"ಏಣಿ?"

"ಏಣಿ ಹತ್ತಿದ್ರೆ ಬೆರಳು ಹೋಗುತ್ತೆ. ಆಮೇಲೂ ಹತ್ತಿದ್ರೆ ಪಾದ."

ಎಲಿಗಿಯೋ ಬೆರಳು ಮಡಚಿ ವಾರಗಳನ್ನು ಎಣಿಸಿದ. ಚೆರ್ರಿ ಸುಗ್ಗಿ ಜೂನ್ ಮೊದಲ ವಾರಕ್ಕೆ ಶುರು, ಮೂರೇ ವಾರದಲ್ಲಿ ಮುಗಿಯುತ್ತದೆ. ಎಂಟು ವಾರ ಎಂದರೆ ಪೂರ್ತಿ ಚೆರ್ರಿ. ಎಣಿಸಿ ಮುಗಿಸಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತ. ಅಷ್ಟು ಹೊತ್ತೂ ವಟಗುಟ್ಟುತ್ತಿದ್ದ ತೆಯೊದುಲೋ ಗೋಡೆಯ ಮೇಲಿದ್ದ ಮೂತ್ರಪಿಂಡದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ಎರಡು ಮೆಟ್ಟಿಲಿನ ಸಣ್ಣ ಏಣಿ ಆದ್ರೆ?" ಎಂದ ಎಲಿಗಿಯೋ.

"ಎಲಿಗಿಯೋ," ಎಂದಳು ಒಬ್ದೂಲಿಯಾ. ಅಷ್ಟೇ ಹೇಳಿದಳು. ಅವನು ಚರ್ಚೆ ಬಿಟ್ಟ.

ಮೇ ಪೂರ್ತಿ ಅವನು ಸೋಫಾದ ಮೇಲೆ, ಎರಡು ದಿಂಬಿನ ಮೇಲೆ ಕಾಲಿಟ್ಟುಕೊಂಡು, ಮನೆಯನ್ನು ಮೇಸ್ತ್ರಿಯಂತೆ ನಡೆಸಿದ. ಕಾಸಾದಿಂದ ಹೊಸ ಯೋಜನೆಯೊಂದು ಶುರುವಾಗಿತ್ತು, ಕಾಯಿಲೆಯವರ ಮನೆಗೇ ಹೋಗಿ ಪರೀಕ್ಷೆ ಮಾಡುವುದು. ನಿರ್ದೇಶಕಿ ಅದನ್ನು ನನಗೆ ಒಪ್ಪಿಸಿದಳು. ಅದು ಶಿಕ್ಷೆಯೋ ಬಡ್ತಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ದಿನ ಬಿಟ್ಟು ದಿನ ಮಧ್ಯಾಹ್ನ ಸಕ್ಕರೆ ಅಳೆಯುವ ಯಂತ್ರ ಹಿಡಿದು ಹೋಗುತ್ತಿದ್ದೆ. ಒಬ್ದೂಲಿಯಾ ಅವನ ತಟ್ಟೆಯ ಟೊರ್ಟಿಯಾ ರೊಟ್ಟಿಗಳನ್ನು ಜಜ್ಜಿದ ಸೇಬಿನಷ್ಟೇ ಕಟ್ಟುನಿಟ್ಟಾಗಿ ಆರಿಸುತ್ತಿದ್ದಳು. ಹುಣ್ಣು ಅಂಚಿನಿಂದ ಗುಲಾಬಿಯಾಗತೊಡಗಿತು. ಸಕ್ಕರೆ ಇಳಿಯಿತು. ಅವನ ಮುಖವೂ ಇಳಿಯಿತು.

"ಕಾಲು ಉಳೀತು, ಮನುಷ್ಯ ಎಲ್ಲೋ ಹೋದ," ಎಂದು ಒಬ್ದೂಲಿಯಾ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು. "ನಿನ್ನೆ ನನ್ನ ಜೊತೆ ಧಾರಾವಾಹಿ ನೋಡಿದ. ಅತ್ತ."

ಚೆರ್ರಿ ಶುರುವಾಯಿತು. ಬಿಸಿಲಿಗೆ ಹಣ್ಣು ಮೆತ್ತಗಾಗುವುದರಿಂದ ಬೆಳಕು ಹರಿಯುವ ಮೊದಲೇ ಶುರುಮಾಡಿ ಮಧ್ಯಾಹ್ನಕ್ಕೆ ಮುಗಿಸುತ್ತಾರೆ. ತೆಯೊದುಲೋ ದಿನಾ ಒಂದು ಗಂಟೆಗೆ ತೋಟದಿಂದ ನೇರ ಅವರ ಮನೆಗೆ ಬಂದು, ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು, ಸಕ್ಕರೆಯಿಲ್ಲದ ಕಾಫಿ ಕುಡಿದು, ಮುಖ ಹುಳ್ಳಗೆ ಮಾಡುತ್ತಿದ್ದ. ಅವನಿಗೂ ಯಾದಿರಾ ಗುಲಾಬಿ ಚೀಟಿ ಕೊಟ್ಟಿದ್ದಳು. ನಾನಿದ್ದ ದಿನ ಸುಗ್ಗಿಯ ನಾಲ್ಕನೇ ದಿನ.

"ಎಷ್ಟು?" ಎಂದ ಎಲಿಗಿಯೋ, ಟಿವಿಯಿಂದ ಕಣ್ಣು ತೆಗೆಯದೆ.

"ಐವತ್ತೆರಡು ಡಬ್ಬಿ," ಎಂದ ತೆಯೊದುಲೋ. "ಈ ಸಲ ಹಣ್ಣು ಚಿಕ್ಕದು. ನೀನಿದ್ರೂ ಅಷ್ಟೇ ಆಗ್ತಿತ್ತು."

"ನಿನ್ನೆ?"

"ನಲವತ್ತೊಂಬತ್ತು."

ಎಲಿಗಿಯೋ ನಿಧಾನವಾಗಿ ತಲೆ ತಿರುಗಿಸಿದ. ಕೊಂಪಾದ್ರೆಯ ಮುಖ ನೋಡಲಿಲ್ಲ, ಕಾಫಿ ಲೋಟ ಹಿಡಿದ ಕೈ ನೋಡಿದ.

"ತೋರಿಸು ಕೈ."

"ಕೈಯಲ್ಲೇನಿದೆ?"

"ಐವತ್ತೆರಡು ಡಬ್ಬಿಗೆ ಉಗುರು ಮಾತ್ರ ಕಪ್ಪಾಗುತ್ತೆ. ನಿನಗೆ ಮಣಿಕಟ್ಟಿನ ಮೇಲಕ್ಕೆ ಬಂದಿದೆ. ಸುಳ್ಳುಗಾರ. ನನ್ನನ್ನ ಏನಂದ್ಕೊಂಡಿದೀಯ, ಸತ್ತೋದೆ ಅಂತಾನಾ? ಸತ್ತವರಿಗೆ ಹೀಗೆ ಸಮಾಧಾನ ಹೇಳ್ತಾರೆ."

ತೆಯೊದುಲೋ ಲೋಟವನ್ನು ನೆಲಕ್ಕಿಟ್ಟ. ಅಡುಗೆಮನೆಯಲ್ಲಿ ಒಬ್ದೂಲಿಯಾ ನಲ್ಲಿ ನಿಲ್ಲಿಸಿದಳು.

"ಎಂಬತ್ತೊಂದು," ಎಂದ.

ಎಂಬತ್ತೊಂದು ಎಂದರೆ ಎಲಿಗಿಯೋನ ಅತಿ ಒಳ್ಳೆಯ ದಿನಕ್ಕಿಂತ ಮೂರು ಹೆಚ್ಚು. ಅದು ಆ ಮನೆಯಲ್ಲಿದ್ದ ನಾಲ್ವರಿಗೂ ಗೊತ್ತಿತ್ತು. ನಾನು ಯಂತ್ರ ಹಿಡಿದು ನಿಂತೇ ಇದ್ದೆ. ಈಗ ಚುಚ್ಚಿದರೆ ಅದು ಯಾವ ಅಂಕಿ ತೋರಿಸೀತೋ ಎಂದು ಹೆದರಿಕೆಯಾಯಿತು.

"ನನ್ನ ಏಣಿ ಮೇಲಾ?" ಎಲಿಗಿಯೋ ಕೇಳಿದ.

"ನಿನ್ನದೇ. ಇನ್ಯಾರಿಗಾದ್ರೂ ಕೊಟ್ಟುಬಿಟ್ಟಾರು ಅಂತ ನಾನೇ ತಗೊಂಡೆ. ನನ್ನದಕ್ಕಿಂತ ಹಗುರ."

"ಹಗುರ ಇದ್ದೇ ಇರುತ್ತೆ. ಕೆಳಗಿಂದ ಐದನೇ ಮೆಟ್ಟಿಲು, ಎಡಗಡೆ, ಬೋಲ್ಟು ಸಡಿಲ. ಬಲಗಡೆ ತುದೀಲಿ ಕಾಲಿಡ್ಬೇಕು."

"ಈಗ ಹೇಳ್ತೀಯ. ನನಗೆ ಸೋಮವಾರವೇ ಗೊತ್ತಾಯ್ತು."

"ಹೇಗೆ?"

ತೆಯೊದುಲೋ ಕುರ್ಚಿಯಲ್ಲಿ ಸ್ವಲ್ಪ ಪಕ್ಕಕ್ಕೆ ಹೊರಳಿ ಕೂತ. ಬಂದಾಗಿನಿಂದಲೂ ಅವನು ಒಂದೇ ಕುಂಡೆಯ ಮೇಲೆ ಕೂತಿದ್ದನ್ನು ನಾನು ಗಮನಿಸಿರಲಿಲ್ಲ. ಎಲಿಗಿಯೋ ಗಮನಿಸಿದ. ಅವನು ದಿಂಬಿನ ಮೇಲಿಂದ ಎದ್ದು ಕೂತ.

"ಬಿದ್ಯಾ?"

"ಜಾರಿದೆ."

"ಬಿದ್ಯಾ! ಎಷ್ಟು ಎತ್ತರದಿಂದ? ಡಬ್ಬಿ ಸಮೇತಾನಾ? ತುಂಬಿದ ಡಬ್ಬೀನಾ? ಮೇಸ್ತ್ರಿ ನೋಡಿದ್ನಾ? ಒಬ್ದೂಲಿಯಾ, ಬಾ ಇಲ್ಲಿ, ಟಿವಿ ಆಫ್ ಮಾಡು!" ಅವನ ಮುಖಕ್ಕೆ ರಕ್ತ ಬಂದಿತ್ತು. ಟಿವಿಯಲ್ಲಿ ಯಾರೋ ಅಳುತ್ತಿದ್ದರು. ಒಬ್ದೂಲಿಯಾ ಕೈ ಒರೆಸಿಕೊಳ್ಳುತ್ತಾ ಬಂದು ಅದನ್ನು ಆರಿಸಿದಳು, ಸೋಫಾದ ತುದಿಯಲ್ಲಿ ಕೂತಳು. "ಮೊದಲಿಂದ ಹೇಳು ಕೊಂಪಾದ್ರೆ. ನಿಧಾನ. ಯಾವ ಕಾಲು ಮೊದಲು ಜಾರಿತು?"

ತೆಯೊದುಲೋ ನಿಟ್ಟುಸಿರುಬಿಟ್ಟು, ಎದ್ದು ನಿಂತು, ಕುರ್ಚಿಯನ್ನೇ ಏಣಿಯೆಂದು ಹಿಡಿದುಕೊಂಡು, ತೋರಿಸಲು ಶುರುಮಾಡಿದ. ಎಲಿಗಿಯೋ ಕಣ್ಣು ಕದಲಿಸದೆ ನೋಡುತ್ತಾ, ನಾನು ಕೇಳುವ ಮೊದಲೇ, ಬೆರಳನ್ನು ನನ್ನ ಕಡೆ ಚಾಚಿದ.